ಅರುಪೆ ಅತ್ತೆಯ ನಾಯಿಮರಿಗಳು

ನಮ್ಮ ತುರ್ಕಾನಾ ಸೀಮೆಯಲ್ಲಿ ಹಸುಗೂಸಿನ ಅಂಡು ತೊಳೆಯಲು ಯಾರೂ ನೀರು ಚೆಲ್ಲುವುದಿಲ್ಲ. ಒಣಗಿದ ಹೊಳೆಯಲ್ಲಿ ಮರಳು ತೋಡಿ ತಂದ ನೀರು ಕುಡಿಯಲಿಕ್ಕೇ ಸಾಲದು. ಮಗುವನ್ನು ನಾಯಿ ನೆಕ್ಕಿ ಚೊಕ್ಕ ಮಾಡುತ್ತದೆ. ಆ ಕೆಲಸಕ್ಕೆ ನನ್ನ ಸೋದರತ್ತೆ ಅರುಪೆ ಸಾಕಿದ ಮರಿಗಳೇ ಆಗಬೇಕು. ಯಾರಿಗೆ ಹೆರಿಗೆಯಾದರೂ ಒಂದು ಮರಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಡುವಳು. ಆಡು ಕೊಯ್ದಾಗ ನೀರುಗುಳ್ಳೆ ಎದ್ದ ಲಿವರ್ ಸಿಕ್ಕಿದರೆ ನಾವು ಬಿಸಾಡುತ್ತಿದ್ದೆವು, ಅವಳು ಕೇಳಿ ತಂದು ನಾಯಿಗಳಿಗೆ ಹಾಕುತ್ತಿದ್ದಳು. ಮಕ್ಕಳಿಲ್ಲದವಳಿಗೆ ಅದೊಂದೇ ಹೆಮ್ಮೆ.

ಗಂಡ ಸತ್ತು ಎಷ್ಟೋ ವರ್ಷಗಳಾದ ಮೇಲೆ ಅತ್ತೆಯ ಹೊಟ್ಟೆ ಉಬ್ಬತೊಡಗಿತು. ನೆರೆಮನೆಯ ನಕ್ವಾವಿಯ ಬಾಯಿಗೆ ಬೀಗವಿಲ್ಲ.

"ಏನೇ ಅರುಪೆ, ಈ ವಯಸ್ಸಲ್ಲಿ ಬಸುರಾ? ಯಾರೇ ಆ ಪುಣ್ಯಾತ್ಮ?"

"ನಿನ್ನ ಗಂಡನ್ನೇ ಕೇಳ್ಕೋ ಹೋಗೆ!"

ನೀರಿನ ಗುಂಡಿಯ ಸುತ್ತ ಎಲ್ಲರೂ ನಕ್ಕರು. ಆದರೆ ಅಂದಿನಿಂದ ಅತ್ತೆ ಸುಡುಬಿಸಿಲಲ್ಲೂ ಚರ್ಮದ ಹೊದಿಕೆ ತೆಗೆಯಲಿಲ್ಲ. ಉಳಿದವರು ಬಂದುಹೋದ ಮೇಲೆಯೇ ನೀರಿಗೆ ಹೋಗುವಳು.

ಡಾಕ್ಟರ ಗಾಡಿ ಬಂದ ದಿನ ನಾನೇ ಅವಳನ್ನು ಎಳೆದುಕೊಂಡು ಹೋದೆ. ಡಾಕ್ಟರು ಗಾಡಿಯೊಳಗೆ ಮಲಗಿಸಿ, ಒಳಗಿನದನ್ನು ತೋರಿಸುವ ಯಂತ್ರವನ್ನು ಹೊಟ್ಟೆಯ ಮೇಲೆ ಆಡಿಸಿದರು. "ಮಗು ಅಲ್ಲಮ್ಮಾ, ಲಿವರಲ್ಲಿ ನೀರಿನ ಚೀಲ."

ಅತ್ತೆ ಹಲ್ಲುಬಿಟ್ಟು ನಕ್ಕಳು. "ಹೊರಗೆ ಹೋಗಿ ಕೂಗಿ ಹೇಳೇ, ಆ ನಕ್ವಾವಿಗೆ ಕೇಳ್ಲಿ!"

"ಮನೇಲಿ ನಾಯಿ ಇದ್ಯಾ? ಗುಳ್ಳೆ ಇರೋ ಲಿವರ್ ಹಾಕ್ತೀರಾ?" ಎಂದು ಕೇಳಿ ಡಾಕ್ಟರು ಬಿಡಿಸಿ ಹೇಳಿದರು. ಆ ಗುಳ್ಳೆಯ ಹುಳ ನಾಯಿಯ ಕರುಳಲ್ಲಿ ಬೆಳೆಯುತ್ತದೆ. ಅದರ ಮೊಟ್ಟೆ ಹೇಲಿನಲ್ಲಿ ಹೊರಬಂದು ನಾಯಿಯ ಮೂತಿಗೂ ಮೈಗೂ ಅಂಟುತ್ತದೆ. ನಾಯಿ ನೆಕ್ಕಿದ ಮಗುವಿನ ಹೊಟ್ಟೆಗೂ ಹೋಗುತ್ತದೆ, ಒಳಗೇ ವರ್ಷಗಟ್ಟಲೆ ಬೆಳೆಯುತ್ತದೆ.

ಅತ್ತೆಯ ಮುಖ ಕಪ್ಪಿಟ್ಟಿತು. ಮರಿ ಕೊಟ್ಟ ಮನೆಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದಿರಬೇಕು.

"ಯಾರಿಗೂ ಹೇಳ್ದೆ ಇದ್ಬಿಡೋಣ್ವಾ?" ಎಂದು ಪಿಸುಗುಟ್ಟಿದಳು. ನನ್ನನ್ನೂ ಅವಳ ನಾಯಿಯೇ ನೆಕ್ಕಿ ಬೆಳೆಸಿತ್ತು. ನಾನು ನನ್ನ ಹೊಟ್ಟೆಯನ್ನೇ ಒತ್ತಿ ನೋಡಿಕೊಂಡೆ.

ಹೊರಗೆ ಹೆಂಗಸರು ಸುದ್ದಿಗಾಗಿ ಕಾದಿದ್ದರು. "ಗಂಡಂತೋ ಹೆಣ್ಣಂತೋ?" ಎಂದಳು ನಕ್ವಾವಿ.

ಅತ್ತೆ ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಹೇಳಿದಳು. "ನಿಮ್ಮ ಮಕ್ಕಳಿಗೆ ನಾನೇ ವಿಷ ಇಟ್ಟೆ ಕಣ್ರೇ. ಏನು ಬೈಬೇಕೋ ಬೈರಿ."

ಯಾರೂ ಬೈಯಲಿಲ್ಲ. ನಕ್ವಾವಿ ತನ್ನ ಪುಟ್ಟ ಮಗಳನ್ನು ಮುಂದಕ್ಕೆ ಎಳೆದು ಬಟ್ಟೆ ಸರಿಸಿದಳು. ಆ ಮಗುವಿನ ಹೊಟ್ಟೆಯೂ ಉಬ್ಬಿತ್ತು. ಹಾಲು ಕುಡಿದು ಮೈ ತುಂಬಿಕೊಂಡಿದೆ ಎಂದು ತಾಯಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು.

"ನೀನೂ ಒಳಗೆ ಬಾರೇ ಅರುಪೆ," ಎಂದು ನಕ್ವಾವಿ ಅತ್ತೆಯ ಕೈ ಹಿಡಿದಳು. "ನಂಗೊಬ್ಳಿಗೇ ಹೋಗೋಕೆ ಭಯ ಆಗುತ್ತೆ."

ಬೈದಿದ್ದರೆ ಅತ್ತೆ ತಡೆದುಕೊಳ್ಳುತ್ತಿದ್ದಳು. ಆ ಮಗುವಿನ ಮುಖವನ್ನು ಮಾತ್ರ ಅವಳಿಗೆ ನೋಡಲಾಗಲಿಲ್ಲ.