ಸಮತಾ ಹುಡುಕಿದ ಬಾಗಿದ ಗೆರೆ

ಸಮತಾಳಿಗೆ ಕಣ್ಣು ಎರಡಿದ್ದರೂ ಕೆಲಸಕ್ಕೆ ಬರುತ್ತಿದ್ದುದು ಬಲಗಣ್ಣು ಒಂದೇ. ಎಡಗಣ್ಣು ಹುಟ್ಟಾ ಸೋಮಾರಿ. ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎಂದು ಹೇಳುತ್ತಿತ್ತೇ ಹೊರತು ಯಾರು ಎಂದು ಹೇಳುತ್ತಿರಲಿಲ್ಲ. ಸೋಡಾಬುಡ್ಡಿ ಕನ್ನಡಕ ಏರಿಸಿಕೊಂಡು ಆ ಒಂದು ಕಣ್ಣಿನಲ್ಲೇ ಡಿಪ್ಲೊಮಾ ಮುಗಿಸಿ, ಶಿವಮೊಗ್ಗದ ಗೋಪಾಳದಲ್ಲಿ ಮಹಡಿ ಮೇಲಿನ ಪುಟ್ಟ ಆಫೀಸೊಂದರಲ್ಲಿ ಹದಿನಾಲ್ಕು ವರ್ಷ ಕೋಡ್ ಬರೆದಳು, ಪಾಪದ ಹುಡುಗಿ. ಹುಡುಗಿ ಏನು, ನಲವತ್ತು ತುಂಬಿತ್ತು. ಆದರೆ ಓಬಯ್ಯನ ಮಗಳು ಎಂದ ಮೇಲೆ ಹುಡುಗಿಯೇ ಅಲ್ಲವೇ.

ಓಬಯ್ಯ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು. ನಿವೃತ್ತನಾದ ಮೇಲೂ ನ್ಯೂ ಟೌನಿನ ಹಳೇ ಕ್ವಾರ್ಟರ್ಸಿನಲ್ಲೇ ಉಳಿದ. ಕಾಫಿಗೆ ಬೆಲ್ಲ ಹೆಚ್ಚಾಯಿತು, ಕಡಿಮೆಯಾಯಿತು ಎಂದು ದಿನವೂ ತಕರಾರು. ಆದರೆ ಮಗಳನ್ನು ಬೆಳಗಿನ ಬಸ್ಸು ಹತ್ತಿಸದೆ ತಿಂಡಿ ಮುಟ್ಟಿದವನಲ್ಲ. ಅವನ ಎಡಗೈಯ ಎರಡು ಬೆರಳು ಸೆಟೆದು ನಿಂತಿದ್ದವು. ಅದಕ್ಕೊಂದು ಕಥೆ ಇದೆ, ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ.

ಲೈನ್ ಮುಟ್ಟುವ ಮೊದಲು ಕರೆಂಟು ಇದೆಯೇ ಎಂದು ನೋಡಲು ಎಲೆಕ್ಟ್ರಿಷಿಯನ್ನರ ಬಳಿ ಟೆಸ್ಟ್ ಲ್ಯಾಂಪ್ ಇರುತ್ತಿತ್ತು. ಒಂದು ಹೋಲ್ಡರು, ಒಂದು ಬಲ್ಬು, ಎರಡು ವೈರು, ಅಷ್ಟೇ. ಬಲ್ಬು ಹತ್ತದಿದ್ದರೆ ಕರೆಂಟಿಲ್ಲ ಎಂದು ಅರ್ಥ. ಒಂದು ದಿನ ಬಲ್ಬು ಹತ್ತಲಿಲ್ಲ, ಓಬಯ್ಯ ಕೈ ಇಟ್ಟ. ಲೈನಿನಲ್ಲಿ ಕರೆಂಟು ಇತ್ತು. ಸುಟ್ಟುಹೋಗಿದ್ದದ್ದು ಬಲ್ಬು. ಅಲ್ಲಿಂದ ಮುಂದೆ, ಕರೆಂಟು ಇದ್ದೇ ಇದೆ ಎಂದು ಗೊತ್ತಿರುವ ಕಡೆ ಮೊದಲು ಲ್ಯಾಂಪನ್ನು ಪರೀಕ್ಷಿಸು, ಆಮೇಲೆ ಲೈನನ್ನು ಪರೀಕ್ಷಿಸು ಎನ್ನುವುದು ಅವನ ಜಪವಾಯಿತು. ಇನ್ನೊಂದು ಪಾಠವೂ ಇತ್ತು. ಬೋರ್ಡಿನ ತುಂಬ ಫ್ಯೂಸಿದ್ದು ಎಲ್ಲೋ ಕೆಟ್ಟಿದ್ದರೆ ಅರ್ಧ ಕಿತ್ತು ನೋಡು, ಉಳಿದದ್ದರಲ್ಲಿ ಮತ್ತೆ ಅರ್ಧ ಕೀಳು. ಸಮತಾ ಎರಡನ್ನೂ ಕೇಳುತ್ತಲೇ ದೊಡ್ಡವಳಾದಳು.

ಕೋಡ್ ಬರೆಯಲು ಕಂಪ್ಯೂಟರಿನೊಳಗೆ ಎಡಿಟರ್ ಎಂದು ಇರುತ್ತದೆ. ಸಮತಾ ಅದನ್ನು ತನ್ನ ಅಡುಗೆಮನೆಯ ಹಾಗೆ ಜೋಡಿಸಿಕೊಂಡಿದ್ದಳು. ಅಕ್ಷರದ ಗಾತ್ರ, ಹಿಂದಿನ ಬಣ್ಣ, ಸಾಲಿನ ಅಂತರ ಎಲ್ಲ ಅವಳ ಕಣ್ಣಿಗೆ ಹೊಂದುವ ಹಾಗೆ. ಮೇಲೆ ಮೂವತ್ತೊಂದು ಪ್ಲಗಿನ್, ಅಂದರೆ ಎಡಿಟರಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಪುಟ್ಟ ಸಲಕರಣೆ. ಒಂದು ಆವರಣ ಚಿಹ್ನೆಗಳಿಗೆ ಬಣ್ಣ ಹಚ್ಚುವುದು, ಒಂದು ತಪ್ಪಿನ ಕೆಳಗೆ ಕೆಂಪು ಎಳೆಯುವುದು, ಇನ್ನೊಂದು ಸಾಲುಗಳ ಪಕ್ಕ ಕೂದಲೆಳೆಯಂಥ ನೆಟ್ಟನೆ ಗೆರೆ ಇಳಿಸುವುದು. ಆಫೀಸಿನಲ್ಲಿ ಯಾರ ಎಡಿಟರ್ ಮೊಂಡು ಹಿಡಿದರೂ ಕರೆಯುತ್ತಿದ್ದುದು ಅವಳನ್ನೇ.

ಆಷಾಢದ ಒಂದು ಸೋಮವಾರ ಎಡಿಟರ್ ತಾನಾಗಿಯೇ ಅಪ್‌ಡೇಟ್ ಆಯಿತು. ಅವತ್ತೇ ಆ ನೆಟ್ಟನೆ ಗೆರೆ ನಡುವೆ ಸ್ವಲ್ಪ ಬಾಗಿದ ಹಾಗೆ ಕಂಡಿತು. ಹೊಸ ಅಪ್‌ಡೇಟಿನದೇ ಕಿತಾಪತಿ ಎಂದುಕೊಂಡಳು. ಬೇರೆ ಏನು ಅಂದುಕೊಳ್ಳಬೇಕಿತ್ತು, ನೀವೇ ಹೇಳಿ. ಅಪ್ಪ ಹೇಳಿಕೊಟ್ಟಂತೆ ಅರ್ಧ ಪ್ಲಗಿನ್ ಆರಿಸಿದಳು. ಗೆರೆ ಬಾಗಿಯೇ ಇತ್ತು. ಅವನ್ನು ಹಾಕಿ ಇನ್ನರ್ಧ ಆರಿಸಿದಳು. ಆಗ ಆ ಗೆರೆಯೇ ಹೋಯಿತು, ಆದರೆ ಅಂಚಿನ ಅಕ್ಷರಗಳ ಸಾಲು ಬಾಗಿತ್ತು. ಎರಡು ಪ್ಲಗಿನ್ ಸೇರಿಕೊಂಡು ಕೆಡಿಸುತ್ತಿರಬಹುದೆಂದು ಜೋಡಿ ಜೋಡಿಯಾಗಿ ನೋಡಿದಳು. ಫಾಂಟ್ ಬದಲಿಸಿದಳು. ಕೆಂಪು ಮಂಕಾಯಿತೆಂದು ಬಣ್ಣದ ಥೀಮ್ ಬದಲಿಸಿದಳು. ಎಡಿಟರನ್ನೇ ತೆಗೆದು ಮತ್ತೆ ಹಾಕಿದಳು. ಮನೆಯಲ್ಲಿ ಬಾಗಿಲ ಚೌಕಟ್ಟೂ ಬಾಗಿದಂತೆ ಕಂಡಿತ್ತು. ಹಳೇ ಕ್ವಾರ್ಟರ್ಸು, ಗೆದ್ದಲು ಹಿಡಿದಿರಬೇಕು ಎಂದು ಸುಮ್ಮನಾದಳು.

ಪಕ್ಕದ ಕುರ್ಚಿಯ ನಿಶಾಂತ್‌ಗೆ ತನ್ನ ಪರದೆ ತೋರಿಸಿದ್ದರೆ ಒಂದು ನಿಮಿಷದ ಮಾತು. ತೋರಿಸಲಿಲ್ಲ. ಕೆಲಸಕ್ಕೆ ಸೇರುವ ದಿನ, ಒಂದೇ ಕಣ್ಣಲ್ಲಿ ಆಗುತ್ತದಾ ಎಂದು ಯಜಮಾನ ರೂಪೇಶ್ ಕೇಳಿದ್ದು ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಅದರ ಮೇಲೆ, ರಕ್ತಪರೀಕ್ಷೆಯ ಲ್ಯಾಬುಗಳಿಗೆ ಬರೆಯುತ್ತಿದ್ದ ಕೋಡಿನಲ್ಲಿ ಅವಳು ಆ ವಾರವೇ ಒಂದು ದಶಮಾಂಶದ ಚುಕ್ಕೆ ಬಿಟ್ಟಿದ್ದರಿಂದ ಎಂಟೂವರೆ ಇರಬೇಕಾದದ್ದು ಎಂಬತ್ತೈದಾಗಿತ್ತು. ಹೊರಗೆ ಹೋಗುವ ಮೊದಲೇ ಸಿಕ್ಕಿತು, ಪುಣ್ಯ. ಇನ್ನೊಮ್ಮೆ ಹೀಗಾದರೆ ಕೋಡ್ ಬಿಡಬೇಕಾಗುತ್ತದೆ ಎಂದಿದ್ದ ರೂಪೇಶ್.

ಹೀಗೆ ಮೂರು ವಾರ ಕಳೆಯಿತು. ತಿಂಗಳ ಎರಡನೇ ಶನಿವಾರ, ಆಫೀಸಿಗೆ ರಜೆ, ಅಲ್ಲಿನ ಲ್ಯಾಪ್‌ಟಾಪನ್ನು ಮನೆಗೆ ತಂದು ಕೂತು ಮೂವತ್ತೊಂದನ್ನೂ ಆರಿಸಿ, ಬರಿದಾದ ಪರದೆಯ ಮೇಲೆ ಒಂದರ ಕೆಳಗೊಂದು ನಿಲುಗೆರೆ ಒತ್ತಿದಳು. ಅದೂ ಬಾಗಿತ್ತು. ಓಬಯ್ಯ ಎದುರಿಗೆ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದ.

"ಅರ್ಧರ್ಧ ತೆಗ್ದು ನೋಡ್ದೆ ಅಪ್ಪ, ಎಲ್ಲಾನೂ ತೆಗ್ದೆ. ಆದ್ರೂ ಬಾಗೇ ಇದೆ."

"ಲ್ಯಾಂಪ್ ನೋಡಿದ್ಯಾ?"

"ಇದ್ರಲ್ಲಿ ಎಲ್ಲಿಂದ ಬರ್ಬೇಕು ಲ್ಯಾಂಪು? ನಿನ್ ಫ್ಯಾಕ್ಟ್ರಿ ಬೋರ್ಡಲ್ಲ ಇದು."

"ಅಲ್ವೇ ಮಾರಾಯ್ತಿ, ಬಾಗಿದೆ ಅಂತ ನಿಂಗೆ ಹೇಳ್ತಿರೋದು ಯಾವ್ದು? ಅದನ್ನ ನೋಡಿದ್ಯಾ ಅಂದೆ."

ಅವನು ಎದ್ದು ಸಾಮಾನಿನ ಪೆಟ್ಟಿಗೆಯಿಂದ ಸ್ಟೀಲ್ ಸ್ಕೇಲ್ ತಂದ. ಮೂವತ್ತು ವರ್ಷ ಅವನ ಜೇಬಿನಲ್ಲಿದ್ದ ಸ್ಕೇಲು, ಅದರ ಮೇಲಿನ ಅಂಕಿ ಅವಳಿಗೆ ಅಆಇಈಗಿಂತ ಮೊದಲೇ ಗೊತ್ತಿತ್ತು. ಪಂಚೆಯಲ್ಲಿ ಒರೆಸಿ ಅವಳ ಕಣ್ಣೆದುರು ನೆಟ್ಟಗೆ ಹಿಡಿದ. ಸಮತಾ ನೋಡಿದಳು. ನಡುವಿನಲ್ಲಿ ಬೂದಿ ಬಳಿದ ಹಾಗಿತ್ತು. ಐದು, ಆರು, ಏಳು ಕಾಣಲಿಲ್ಲ.

"ಅಪ್ಪ, ಸ್ಕೇಲ್ ಯಾವಾಗ ಬಾಗ್ತು?"

ಓಬಯ್ಯ ಅದರ ಅಂಚಿಗೆ ಕಣ್ಣಿಟ್ಟು ನೋಡಿದ, ನೆಟ್ಟಗೇ ಇತ್ತು. ಆಮೇಲೆ ಕೆಳಗಿಟ್ಟ.

"ಚಪ್ಲಿ ಹಾಕ್ಕೋ, ಮಗಾ."

ಶಿವಮೊಗ್ಗದ ಕಣ್ಣಿನ ಡಾಕ್ಟರಮ್ಮ ಹನಿ ಬಿಟ್ಟು, ಚಿತ್ರ ತೆಗೆದು, ನಿಧಾನವಾಗಿ ಹೇಳಿದರು. ಹೆಚ್ಚು ಪವರಿನ ಕಣ್ಣಿಗೆ ಹೀಗಾಗುತ್ತದೆ, ಕಣ್ಣಿನ ಹಿಂಭಾಗದ ಪರದೆಯಲ್ಲಿ ರಕ್ತ ಒಸರಿ ಕಲೆ ಕಟ್ಟಿದೆ. ಇಂಜೆಕ್ಷನ್ ಕೊಟ್ಟರೆ ಇನ್ನೂ ಹರಡದಂತೆ ತಡೆಯಬಹುದು, ನಡುವಿನ ನೋಟ ಹೋದದ್ದು ಹೋಯಿತು. ಗೆರೆ ಬಾಗಿದ ವಾರವೇ ಬಂದಿದ್ದರೆ ಉಳಿಸಬಹುದಿತ್ತೇನೋ ಎಂದರು.

ವಾಪಸು ಬರುವ ಬಸ್ಸು ಬಿ.ಎಚ್. ರಸ್ತೆ ಹಿಡಿಯಿತು. ಆಮೇಲೆ ಓಬಯ್ಯ, ನನ್ನದೇ ತಪ್ಪು, ಅರ್ಧ ಪಾಠ ಹೇಳಿಕೊಟ್ಟೆ ಎಂದ.

"ನೀನು ಪೂರ್ತಿ ಹೇಳಿದ್ದೆ ಅಪ್ಪ," ಎಂದಳು ಸಮತಾ. "ನಾನು ಅರ್ಧ ಕಲ್ತೆ."

ರೂಪೇಶ್ ಕೆಟ್ಟವನಲ್ಲ, ಮನೆಗೆ ಕಳಿಸಲಿಲ್ಲ. ಲ್ಯಾಬುಗಳಿಂದ ಬರುವ ಫೋನಿಗೆ ಉತ್ತರ ಹೇಳಲು ಕೂರಿಸಿದ. ಕೋಡ್ ನಿಶಾಂತ್‌ಗೆ ಹೋಯಿತು, ಅವಳ ಕಂಪ್ಯೂಟರೂ ಹೋಯಿತು. ಎಡಿಟರ್ ತೆರೆದರೆ ಬೋಳು ಗೋಡೆ, ಒಂದು ಪ್ಲಗಿನ್ನೂ ಇಲ್ಲ, ಆ ಶನಿವಾರ ಎಲ್ಲವನ್ನೂ ಆರಿಸಿದ್ದು ಅವಳೇ. ನಿಶಾಂತ್ ಸಂಕೋಚದಿಂದಲೇ, ಅಕ್ಕ, ಯಾವ್ಯಾವುದು ಬೇಕು ಎಂದು ಕೇಳಿದ.

ಸಮತಾ ಅವನ ಪಕ್ಕ ಕೂತು ಮೂವತ್ತೊಂದನ್ನೂ ನೆನಪಿನಿಂದಲೇ ಒಂದೊಂದಾಗಿ ಹೇಳಿದಳು. ಅವನು ಒಂದೊಂದಾಗಿ ಹಾಕಿದ. ಯಾವುದರದೂ ತಪ್ಪಿರಲಿಲ್ಲ ನೋಡಿ, ಪಾಪ. ಗೆರೆ ಎಳೆಯುವುದು ಬಂದಾಗ ಅವಳು ತಡೆದಳು.

"ನೆಟ್ಟಗಿದ್ಯೇನೋ?"

"ನೆಟ್ಟಗೇ ಇದೆ ಅಕ್ಕ."

ಅಷ್ಟರಲ್ಲಿ ಅವಳ ಮೇಜಿನ ಫೋನು ಬಡಿದುಕೊಂಡಿತು. ಸಮತಾ ಎದ್ದು ಹೋಗಿ, ಮುಖವನ್ನು ಕೊಂಚ ಓರೆ ಮಾಡಿ, ಕಣ್ಣಂಚಿನಲ್ಲಿ ಅದನ್ನು ಹುಡುಕಿ ಎತ್ತಿಕೊಂಡಳು.