ತಂಗೆವ್ವ ಹೇಳದ ಹೆಸರು

ಜಕ್ಕಪ್ಪ ಕುರಿ ಕಾಯ್ದು ಬಾಳಿದವನು, ಸುಳ್ಳು ಹೇಳಿ ರೂಢಿಯಿದ್ದವನಲ್ಲ. ಜಮಖಂಡಿಯ ಆ ವೃದ್ಧಾಶ್ರಮಕ್ಕೆ ಬಂದ ಮೇಲೆ ಮಾತ್ರ ಬೆಳಗಾದರೆ ಸುಳ್ಳೇ. ಹೆಂಡತಿ ತಂಗೆವ್ವನಿಗೆ ಸೀರೆ ಉಡಿಸುವವನು ಅವನು, ಹೆರಳು ಹಾಕುವವನು ಅವನು, ಯಾರಾದರೂ ಕೇಳಿದರೆ "ಎಲ್ಲಾ ಅಕೀನ ಮಾಡ್ಕೋತಾಳ್ರಿ" ಎನ್ನುವವನೂ ಅವನೇ. ಹೆರಳೋ, ಸೊಟ್ಟಂಬಟ್ಟ! ಕುರಿಯ ಉಣ್ಣೆ ಕತ್ತರಿಸಿದ ಕೈಗೆ ಇನ್ನೆಂಥ ಹೆರಳು ಬಂದೀತು? ಇಂಥ ಸುಳ್ಳಿಗೆ ಕುಲದೇವರು ಬೀರಪ್ಪ ಪಾಪ ಹಚ್ಚುವುದಿಲ್ಲ ಬಿಡಿ.

ಅವರಿಗೆ ಮಕ್ಕಳಿಲ್ಲ. ತಮ್ಮೂರು ಚಿಕ್ಕಪಡಸಲಗಿಯಲ್ಲಿದ್ದಾಗ ತಂಗೆವ್ವ ಒಮ್ಮೆ ಯಾರದೋ ಕುರಿಹಿಂಡಿನ ಬೆನ್ನು ಹತ್ತಿ ನಡೆದುಬಿಟ್ಟಳು. ಹುಡುಕಿ ಹುಡುಕಿ ಸಾಕಾಗಿ ಸಂಜೆ ಸಿಕ್ಕಾಗ, "ಕುರಿ ಹಟ್ಟಿಗೆ ಹೊಡೀಬೇಕಲ್ರಿ" ಎಂದಳು. ಅವರ ಕುರಿ ಮಾರಿ ಎಷ್ಟೋ ವರ್ಷಗಳಾಗಿದ್ದವು. ಜಕ್ಕಪ್ಪನ ಅಣ್ಣನ ಮಗ ಮುತ್ತಣ್ಣ ಹಿಂಡಿನ ಜೊತೆ ಊರೂರು ತಿರುಗುವವನು, ಇವರನ್ನು ನೋಡಿಕೊಳ್ಳುವುದಾದರೂ ಹೇಗೆ? ಅವನೇ ಕಣ್ಣೀರು ಹಾಕುತ್ತ ಇಲ್ಲಿಗೆ ತಂದು ಬಿಟ್ಟ.

ಬಂದ ದಿನವೇ ಆಶ್ರಮದ ಮೇಲ್ವಿಚಾರಕಿ ಮಧುಮತಿ ತಿಳಿಸಿ ಹೇಳಿದ್ದಳು. "ಅಜ್ಜಾ, ಇಲ್ಲಿ ಮೂರ ನಮೂನಿ ಐತ್ರಿ. ಮುಂದಿನ ಸಾಲಿನಾಗ ತಮ್ಮ ಕೆಲಸ ತಾವ ಮಾಡ್ಕೊಳ್ಳೋರು. ಗಂಡ ಹೇಂತಿ ಕೂಡಿ ಒಂದ ಖೋಲಿಯಾಗ ಇರಬಹುದು. ನಡುವಿನ ಮನ್ಯಾಗ ಜಳಕಕ್ಕ, ಗುಳಿಗಿಗೆ ಒಬ್ಬರು ಕೈ ಹಚ್ಚತಾರ. ಹಿಂದಿನ ಮನ್ಯಾಗ ಹಾಸಿಗಿ ಹಿಡಿದೋರು, ಅರವು-ನೆನಪು ಇಲ್ಲದೋರು. ಅಲ್ಲಿ ಆಯಾಗಳು ಕಾಯಂ ಇರತಾರ, ಬಾಗಲಾ ಹಾಕಿರತೀವಿ. ಹೆಂಗಸರದು ಬ್ಯಾರೆ, ಗಂಡಸರದು ಬ್ಯಾರೆ."

ಜಕ್ಕಪ್ಪನ ಕಿವಿಯಲ್ಲಿ ಉಳಿದದ್ದು ಕಡೆಯ ಮಾತೊಂದೇ. ಅಡವಿಯಲ್ಲಿ ಒಂದೇ ಕಂಬಳಿ ಹೊದ್ದು ಬಾಳಿದವರನ್ನು ಈ ವಯಸ್ಸಿನಲ್ಲಿ ಬೇರೆ ಮಾಡುವುದೆಂದರೇನು! ಅಂದಿನಿಂದಲೇ ಸುಳ್ಳು ಶುರುವಾದದ್ದು.

ಎಷ್ಟು ದಿನ ಮುಚ್ಚಿಟ್ಟಾನು? ಹೊಸದಾಗಿ ಬಂದ ನರ್ಸ್ ಅಕ್ಷತಾ ಒಂದು ಬೆಳಿಗ್ಗೆ ಮಧುಮತಿಯನ್ನೂ ಕರೆದುಕೊಂಡು ಬಂದು ತಂಗೆವ್ವನ ಎದುರು ಕುಳಿತಳು.

"ಆಯೀ, ನಿಮ್ಮೂರು ಯಾವುದ್ರಿ?"

"ಚಿಕ್ಕಪಡಸಲಗಿರಿ," ಎಂದ ಜಕ್ಕಪ್ಪ.

"ನೀವ ಸುಮ್ನ ಕೂಡ್ರಿ ಅಜ್ಜಾ. ಆಯೀ, ನಿಮ್ಮ ಯಜಮಾನ್ರ ಹೆಸರೇನ್ರಿ?"

ತಂಗೆವ್ವ ಸೆರಗು ಬಾಯಿಗೆ ಹಿಡಿದು, ಹೊಸ ಮದುಮಗಳಂತೆ ತಲೆ ತಗ್ಗಿಸಿ ನಕ್ಕಳು. ಮತ್ತೆ ಕೇಳಿದರೂ ಅಷ್ಟೇ.

"ಗಂಡನ ಹೆಸರೂ ನೆನಪಿಲ್ಲ ಮೇಡಂ. ಹಿಂದಿನ ಮನಿಗೇ ಕಳಿಸಬೇಕಾಗ್ತೈತಿ," ಎಂದಳು ಅಕ್ಷತಾ.

ಜಕ್ಕಪ್ಪನಿಗೆ ಎಲ್ಲಿಲ್ಲದ ಸಿಟ್ಟು ಬಂತು, ಸಿಟ್ಟಿನ ಬೆನ್ನಿಗೇ ಸಂತೋಷವೂ ಬಂತು. "ಏನ್ ಯವ್ವಾ, ನಮ್ಮಾಗ ಗಂಡನ ಹೆಸರ ಹಿಡಿದು ಯಾವಾಕಿ ಹೇಳ್ತಾಳ? ಲಗ್ನಾದಾಗಿಂದ ಅಕಿ ನನ್ನ ಹೆಸರ ಹಂಗ ಬಾಯಿಗೆ ತಂದಿಲ್ಲ. ಒಡಪು ಹಾಕು ಅನ್ರಿ, ಪಟ್ಟನ ಹೇಳ್ತಾಳ!"

ಮಧುಮತಿಗೂ ನಗು ಬಂತು. ಗಂಡನ ಹೆಸರನ್ನು ಪದ ಕಟ್ಟಿ, ಕೊನೆಗೆ ಜೋಡಿಸಿ ಹೇಳಿದರೆ ತಪ್ಪಿಲ್ಲ, ಮದುವೆಮನೆಗಳಲ್ಲಿ ಹಾಗೆ ಹೇಳಿಸದೆ ಯಾರೂ ಬಿಡುವುದಿಲ್ಲ. "ಖರೆ ಐತಿ. ಆಯೀ, ಒಂದು ಒಡಪು ಹಾಕ್ರಲ್ಲ."

ತಂಗೆವ್ವ ನೆಟ್ಟಗೆ ಕುಳಿತಳು. ಗಂಟಲು ಸರಿಮಾಡಿಕೊಂಡು, ಒಂದು ಅಕ್ಷರವೂ ತಪ್ಪದಂತೆ ಶುರು ಮಾಡಿದಳು:

"ಕರಿ ಕಂಬಳಿ ಹಾಸಿ, ಬಿಳಿ ಜ್ವಾಳದ ರಾಶಿ,
ಬೀರಪ್ಪನ ಗುಡಿಗಿ ಭಂಡಾರ ಸೂಸಿ,
ಹೆಸರ ಹೇಳತೀನಿ ನಾಚಿಕಿ ಸರಿಸಿ,
ನಮ್ಮ ಮನಿ ಧಣ್ಯಾರು..."

ಜಕ್ಕಪ್ಪ ಹಿಗ್ಗಿನಿಂದ ಅಕ್ಷತಾಳ ಮುಖ ನೋಡಿದ. ಆದರೆ ಹೆಸರು ಬರಲಿಲ್ಲ. ತಂಗೆವ್ವ ಮತ್ತೆ "ನಮ್ಮ ಮನಿ ಧಣ್ಯಾರು" ಎಂದಳು, ಮತ್ತೆ ನಿಂತಳು. ಅವಳ ಮುಖದಲ್ಲಿ ಗಾಬರಿ ಕಂಡಿತು. ಕೊನೆಗೆ ಪಕ್ಕದಲ್ಲಿದ್ದ ಜಕ್ಕಪ್ಪನ ಕಡೆ ಬಾಗಿ ಮೆಲ್ಲಗೆ ಕೇಳಿದಳು: "ಏನ್ರಿ, ನಮ್ಮ ಮನಿಯವರ ಹೆಸರ ನಿಮಗೇನರ ಗೊತ್ತೈತೇನು?"

ಜಕ್ಕಪ್ಪನಿಗೆ ತನ್ನ ಹೆಸರು ತಾನೇ ಹೇಳಲು ಬಾಯಿ ಬರಲಿಲ್ಲ. ಯಾವತ್ತು ಮರೆತಳೋ! ಹೋದ ವರ್ಷವೋ, ಅದಕ್ಕೂ ಮೊದಲೋ? ಯಾವತ್ತೂ ಹೇಳದ ಹೆಸರು ಹೋದದ್ದು ಯಾರಿಗೆ ತಿಳಿಯಬೇಕು? ಅವಳು ಸುಮ್ಮನಿದ್ದಾಗಲೆಲ್ಲ ಇವನು ಮರ್ಯಾದೆಯೆಂದು ತಿಳಿದು ಸುಖವಾಗಿದ್ದ.

"ಕರಕೊಂಡು ಹೋಗ್ರಿ," ಎಂದ ಕೊನೆಗೆ. "ಕಂಬಳಿ ಕೊಡ್ರಿ ಅಕಿಗೆ. ಅದಿಲ್ಲಂದ್ರ ನಿದ್ದಿ ಹತ್ತೂದಿಲ್ಲ."

ಈಗ ಮುಂದಿನ ಸಾಲಿನ ಖೋಲಿಯಲ್ಲಿ ಅವನೊಬ್ಬನೇ. ಅವಳ ತಲೆ ಬಾಚುತ್ತಿದ್ದ ಹಣಿಗೆ ಗೂಡಿನಲ್ಲೇ ಇದೆ. ದಿನಾ ಬೆಳಿಗ್ಗೆ ಹಿಂದಿನ ಮನೆಗೆ ಹೋಗುತ್ತಾನೆ, ಆಯಾ ಬೋರವ್ವ ಬಾಗಿಲು ತೆಗೆಯುತ್ತಾಳೆ. ತಂಗೆವ್ವನ ಹೆರಳು ಈಗ ನೇರವಾಗಿರುತ್ತದೆ, ಅದನ್ನು ನೋಡಿದರೆ ಅವನಿಗೆ ಸಂಕಟ. ಮಂಚದ ಹತ್ತಿರ ಕುಳಿತು ಅದೇ ಒಡಪನ್ನು ತಾನೇ ಹೇಳುತ್ತಾನೆ, ಕೊನೆಗೆ ತನ್ನ ಹೆಸರಿನ ಬದಲು "ನನ್ನ ಹೇಂತಿ ತಂಗೆವ್ವ" ಎಂದು ಸೇರಿಸುತ್ತಾನೆ. ಜನ್ಮದಲ್ಲಿ ಅವನೂ ಅವಳನ್ನು ಹೆಸರು ಹಿಡಿದು ಕರೆದವನಲ್ಲ.

ತಂಗೆವ್ವ ಕಿವಿಗೊಟ್ಟು ಕೇಳುತ್ತಾಳೆ. ಸೆರಗು ಬಾಯಿಗೆ ಹಿಡಿದು ನಗುತ್ತಾಳೆ.

"ಛಲೋ ಹೇಳ್ತೀರಿ," ಎನ್ನುತ್ತಾಳೆ. "ಹೊತ್ತಾತು, ಹೋಗ್ರಿನ್ನ. ನಿಮ್ಮ ತಂಗೆವ್ವ ಮನ್ಯಾಗ ಹಾದಿ ನೋಡತಿರಬೇಕು."

"ಹೂಂ," ಎಂದು ಜಕ್ಕಪ್ಪ ಏಳುತ್ತಾನೆ.