ಪೂರ್ವಕ್ಕೆ ಮುಖ ಮಾಡಿ ನಿಂತ ಕಾರು

ಸತ್ಯಕ್ಕೆ ಸಾವಿಲ್ಲ ಎನ್ನುತ್ತಾರೆ. ಹಿರಿಯೂರಿನ ಆ ಹಳೆ ಕಾರುಗಳ ದಲ್ಲಾಳಿಯ ಬಳಿ ಅದು ಹುಟ್ಟಿಯೇ ಇರಲಿಲ್ಲ. ಮಂಡಿನೋವಿನ ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ಯಲು, ದಾರಿಯಲ್ಲಿ ಕೈಕೊಡದ ಸಣ್ಣ ಕಾರೊಂದು ನಮಗೆ ಬೇಕಿತ್ತು. ಆತ ತೋರಿಸಿದ್ದು ಇಳಿಜಾರಿನಲ್ಲಿ ನಿಂತಿತ್ತು. ತಿರುಗಿಸಿ ಮೇಲಿನ ರಸ್ತೆಗೆ ತನ್ನಿ ಎಂದೆ.

“ಪೂರ್ವಕ್ಕೆ ಮುಖ ಮಾಡಿ ಪೂಜೆ ಆಗೈತೆ ಸಾರ್. ಮಾರೋ ತನಕ ತಿರುಗಿಸಂಗಿಲ್ಲ,” ಎಂದ, ಪುರೋಹಿತರ ಗಾಂಭೀರ್ಯದಲ್ಲಿ.

ಹಾಗಾದರೆ ಅಲ್ಲೇ ಸ್ಟಾರ್ಟ್ ಮಾಡಿ ಎಂದೆ. ಕೀಲಿ ತಿರುಗಿಸಿದರೆ ಎಂಜಿನ್ ಕೆಮ್ಮಲೂ ಇಲ್ಲ. ಕೊನೆಗೆ ಬ್ರೇಕ್ ಬಿಟ್ಟು, ಇಳಿಜಾರಿನಲ್ಲಿ ಉರುಳಿಸಿಯೇ ಎಬ್ಬಿಸಿದ. “ನೋಡ್ರಿ, ಎಂಥಾ ಗಾಡಿ.”

“ಆಸ್ಪತ್ರೆ ಮುಂದೆ ಇಳಿಜಾರಿಲ್ಲ ಕಣಪ್ಪ. ಅಲ್ಲಿ ನಿನ್ನ ಪೂಜೆ ತಳ್ತದಾ?” ಎಂದಳು ಜೊತೆಗೆ ಬಂದಿದ್ದ ಹೆಂಡತಿ.

ಆ ಪೂಜೆಯ ಫಲ ಯಾರಿಗೆ ದಕ್ಕಿತೋ ತಿಳಿಯದು. ನಾವು ಈಗಲೂ ನಮ್ಮೂರು ಧರ್ಮಪುರದಿಂದ ಬಸ್ಸಿನಲ್ಲೇ ಆಸ್ಪತ್ರೆಗೆ ಹೋಗುತ್ತೇವೆ.